ನುವಾರಾಳ ಪೊರಕೆ, ತಾವೂಸಳ ಮಗ್ಗ

ತಾಲಾ ಉಮಾಲು ಊರಿನಲ್ಲಿ ಬೆಳಗಾಯಿತೆಂದು ಗೊತ್ತಾಗುತ್ತಿದ್ದುದು ನುವಾರಾಳ ಪೊರಕೆಯ ಸದ್ದಿನಿಂದ. ಕಬೀಲಿಯಾ ಎಂಬ ಸೀಮೆಯ ಬೆಟ್ಟದ ನೆತ್ತಿಯ ಮೇಲೆ ಮನೆಗಳು ಒಂದರ ಕೆಳಗೊಂದು ಕೂತಿರುವ ಊರು ಅದು. ಒಬ್ಬರ ಅಂಗಳ ಮುಗಿಯುವಲ್ಲಿ ಇನ್ನೊಬ್ಬರ ಸೂರು ಶುರುವಾಗುತ್ತದೆ. ಮೇಲೆ ನುವಾರಾಳ ಮನೆ, ಕೆಳಗೆ ತಾವೂಸಳ ಮನೆ. ನಡುವೆ ಹನ್ನೊಂದು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಪಕ್ಕದಲ್ಲೇ ಮಳೆನೀರು ಇಳಿಯುವ ಚರಂಡಿ.

ನುವಾರಾಳ ಅಂಗಳದಲ್ಲಿ ಒಂದು ಅಕ್ರೋಟ್ ಮರವಿತ್ತು. ಅವಳ ಮಾವ ನೆಟ್ಟದ್ದು. ಬೇಸಿಗೆಯಲ್ಲಿ ಒಳ್ಳೆಯ ನೆರಳು, ಸೆಪ್ಟೆಂಬರಿನಲ್ಲಿ ಬುಟ್ಟಿಗಟ್ಟಲೆ ಕಾಯಿ. ಅಕ್ಟೋಬರ್ ಬಂತೆಂದರೆ ಎಲೆ. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಇನ್ನೊಂದು ರಾಶಿ. ಆದರೆ ನುವಾರಾ ಸೋಲುವ ಹೆಂಗಸಲ್ಲ. ದಿನಕ್ಕೆ ಮೂರು ಸಲ ಗುಡಿಸುತ್ತಿದ್ದಳು.

"ನನ್ನ ಬಾಗಿಲಲ್ಲಿ ಒಂದೇ ಒಂದು ಎಲೆ ತೋರಿಸ್ಲಿ ನೋಡೋಣ, ಈ ಬೆಟ್ಟದಲ್ಲಿ ಯಾರಾದ್ರೂ!" ಎಂದು ನೀರು ಹಿಡಿಯುವ ಬುಗ್ಗೆಯ ಹತ್ತಿರ ನಾಲ್ಕು ಜನರ ಮುಂದೆ ಹೇಳುತ್ತಿದ್ದಳು. ಯಾರೂ ತೋರಿಸಲಾರರು, ಅಷ್ಟು ಚೊಕ್ಕಟ. ಹೆಮ್ಮೆಪಡಲಿ ಬಿಡಿ, ಬೆನ್ನು ಬಗ್ಗಿಸಿ ದುಡಿದವಳು.

ಆ ಎಲೆಯೆಲ್ಲ ಎಲ್ಲಿಗೆ ಹೋಯಿತು ಎಂದು ಮಾತ್ರ ಅವಳು ಒಂದು ದಿನವೂ ಯೋಚಿಸಿದವಳಲ್ಲ. ಇಳಿಜಾರಿನ ಊರಿನಲ್ಲಿ ಪೊರಕೆಗೆ ಇರುವುದು ಒಂದೇ ದಾರಿ, ಕೆಳಕ್ಕೆ.

ಆ ವರ್ಷ ತಾವೂಸ್ ಬಾಯಿ ಬಿಟ್ಟಳು. ಪೊರಕೆ ಹಿಡಿದು ನಿಂತಿದ್ದ ನುವಾರಾಳನ್ನು ಮೆಟ್ಟಿಲ ಬುಡದಿಂದಲೇ ಕರೆದಳು.

"ನುವಾರಕ್ಕ, ನಿಮ್ಮ ಎಲೆ ಎಲ್ಲಾ ಬಂದು ಚರಂಡೀಲಿ ಕೂತಿದೆ. ನಾಳೆ ಮಳೆ ಹೊಡೆದ್ರೆ ನೀರು ನಮ್ಮನೆ ಒಳಗೇ ಬರತ್ತೆ."

"ನನ್ನ ಎಲೆ ಅಂತ ಅದ್ರ ಮೇಲೆ ಹೆಸರು ಬರೆದಿದೆಯೇನೇ? ಗಾಳಿ ತಂದು ಹಾಕತ್ತೆ. ಹೋಗು, ಗಾಳಿ ಜೊತೆ ಜಗಳ ಆಡು."

"ಗಾಳಿ ಕೈಯಲ್ಲಿ ಪೊರಕೆ ಇರಲ್ಲ ಅಕ್ಕ."

ಈ ಮಾತು ನುವಾರಾಳಿಗೆ ಚುರುಕ್ ಎಂದಿತು. "ಓಹೋ! ಹೋದ ತಿಂಗಳು ಬುಟ್ಟಿ ತುಂಬ ಕಾಯಿ ಕಳಿಸಿದಾಗ ಮರ ಚೆನ್ನಾಗಿತ್ತು. ಈಗ ನಾಲ್ಕು ಎಲೆ ಬಿದ್ದ ಕೂಡ್ಲೆ ಕಹಿಯಾಯ್ತಾ?"

ತಾವೂಸ್ ತಿರುಗಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ನುವಾರಾ ಬಾಗಿಲು ತೆರೆದರೆ, ಹೊಸ್ತಿಲ ಮೇಲೆ ಆ ಬುಟ್ಟಿ ಇತ್ತು. ಅಕ್ರೋಟ್ ಒಂದೂ ಒಡೆದಿರಲಿಲ್ಲ.

ಅಲ್ಲಿಗೆ ಎರಡು ಮನೆಯ ಮಾತು ನಿಂತಿತು. ಮಾತು ನಿಂತರೆ ನಿಲ್ಲಲಿ, ನುವಾರಾಳಿಗೆ ಚಿಂತೆ ಹತ್ತಿಸಿದ್ದು ಬೇರೆ. ನವೆಂಬರಿನ ಕೊನೆಗೆ ಅವಳ ಒಬ್ಬನೇ ಮಗ ಮೆಜಿಯಾನನ ಮದುವೆ. ಮದುವೆಗಂಡು ಬಿಳಿ ಉಣ್ಣೆಯ ಬುರ್ನೂಸ್, ಅಂದರೆ ತಲೆಗೆ ಟೋಪಿಯೂ ಕೂಡಿರುವ ನಿಲುವಂಗಿ, ಹೊದೆಯದೆ ಮನೆಯಿಂದ ಹೊರಡುವಂತಿಲ್ಲ. ಅದಕ್ಕಾಗಿ ನುವಾರಾ ಎರಡು ವರ್ಷದಿಂದ ತನ್ನ ಕುರಿಗಳ ಉಣ್ಣೆ ತೊಳೆದು, ಹಿಂಜಿ, ಬೆರಳು ಸವೆಯುವ ತನಕ ನೂತಿದ್ದಳು. ನೇಯಲು ಕೊಟ್ಟದ್ದು ಯಾರಿಗೆ? ಕೆಳಗಿನ ಮನೆಯ ತಾವೂಸಳಿಗೆ. ಸುತ್ತಲಿನ ಊರುಗಳಲ್ಲೆಲ್ಲ ಅವಳಂಥ ಕೈ ಇನ್ನೊಂದಿರಲಿಲ್ಲ.

ಜಗಳಕ್ಕೆ ಮೊದಲು ದಿನವಿಡೀ ಕೆಳಗಿನಿಂದ ಮಗ್ಗದ ಕಬ್ಬಿಣದ ಬಾಚಣಿಗೆ ಬಡಿಯುವ ಸದ್ದು ಧಪ್ ಧಪ್ ಎಂದು ಕೇಳುತ್ತಿತ್ತು. ಜಗಳವಾದ ಮೇಲೆ ಸದ್ದಿಲ್ಲ. ನುವಾರಾ ಗೋಡೆಗೆ ಕಿವಿ ಕೊಟ್ಟಳು, ಮೆಟ್ಟಿಲ ತುದಿಯಲ್ಲಿ ಸುಮ್ಮನೆ ಕೂತು ನೋಡಿದಳು. ಇಲ್ಲ. 'ಸಿಟ್ಟಿಗೆ ನೇಯೋದನ್ನೇ ಬಿಟ್ಟಳು ಮಹಾತಾಯಿ' ಎಂದು ಹಲ್ಲು ಕಡಿದಳು. ಕೆಳಗಿಳಿದು ಕೇಳೋಣವೆಂದರೆ ಬಿಗುಮಾನ ಬಿಡಲಿಲ್ಲ.

ಸಿಟ್ಟಿನಲ್ಲಿ ಒಂದು ಸಂಜೆ ಎಲೆಯನ್ನೆಲ್ಲ ರಾಶಿ ಹಾಕಿ ಬೆಂಕಿಕಡ್ಡಿ ಗೀರಿದಳು. ಆ ಹೊತ್ತಿಗೆ ಸರಿಯಾಗಿ ಆರೋಗ್ಯ ಕೇಂದ್ರದ ನರ್ಸ್ ಜೆಜ್ಜಿಗಾ ಅವಳ ಬಿ.ಪಿ. ನೋಡಲು ಬಂದಳು. ಬಂದವಳೇ ಚೀಲ ಕೆಳಗಿಟ್ಟು ಕೊಡ ನೀರು ಎತ್ತಿ ರಾಶಿಯ ಮೇಲೆ ಸುರಿದಳು.

"ಏನಮ್ಮ ಇದು? ಬೆಟ್ಟಕ್ಕೆ ಬೆಂಕಿ ಹತ್ತಿದ ಬೇಸಿಗೆ ಮರೆತುಹೋಯ್ತಾ? ನಮ್ಮ ಆಲಿವ್ ಮರ ಎಷ್ಟು ಹೋಯ್ತು ಆವತ್ತು?"

"ಹಂಗಾದ್ರೆ ಎಲ್ಲಿಗೆ ಹಾಕ್ಲಿ ಹೇಳು! ಕೆಳಗೆ ಗುಡಿಸಿದ್ರೆ ಆ ರಾಣಿಗೆ ಆಗಲ್ಲ. ಸುಟ್ರೆ ನಿನಗಾಗಲ್ಲ. ತಿಂದುಬಿಡ್ಲಾ?"

ಜೆಜ್ಜಿಗಾ ನಕ್ಕಳು. "ನೀವು ತಿನ್ನಬೇಡಿ, ಮಣ್ಣು ತಿನ್ನಲಿ. ಮೆಟ್ಟಿಲ ಪಕ್ಕ ಖಾಲಿ ಜಾಗ ಇದೆಯಲ್ಲ, ಅಲ್ಲೊಂದು ಗುಂಡಿ ತೋಡಿ, ಮೊಣಕಾಲುದ್ದ ಸಾಕು. ಒಂದು ಪದರ ಎಲೆ, ಅದ್ರ ಮೇಲೆ ಕುರಿ ಗೊಬ್ಬರ, ತರಕಾರಿ ಸಿಪ್ಪೆ. ಮೇಲೆ ಎರಡು ಬೊಗಸೆ ಮಣ್ಣು. ಒಣಗಿದ್ರೆ ನೀರು ಚಿಮುಕಿಸಿ. ಹದಿನೈದು ದಿನಕ್ಕೊಂದ್ಸಲ ತಿರುವಿಹಾಕಿ. ಅಕ್ರೋಟ್ ಎಲೆ ಬೇಗ ಕೊಳೆಯಲ್ಲ, ಅದಕ್ಕೆ ಒಂದು ವರ್ಷ ಬಿಡಿ. ಹಸಿ ಎಲೆ ಮಾತ್ರ ತರಕಾರಿ ಬುಡಕ್ಕೆ ಹಾಕ್ಬೇಡಿ, ಗಿಡ ಏಳಲ್ಲ. ಕೊಳೆತ ಮೇಲೆ ನೋಡಿ, ಕಪ್ಪು ಕಾಫಿ ಪುಡಿ ಥರ ಗೊಬ್ಬರ."

"ಕಸ ಕೂಡಿಡೋಕೆ ಗುಂಡಿ! ಜನ ನಗ್ತಾರೆ. ನುವಾರಾ ಮನೆ ಪಕ್ಕ ತಿಪ್ಪೆ ಅಂತಾರೆ."

"ಅಂದ್ರೆ ಅನ್ಲಿ. ಶುಕ್ರವಾರ ತಿವಿಜಿ ಇದೆ, ಬನ್ನಿ. ಮಳೆ ಬರೋಕ್ಮುಂಚೆ ಚರಂಡಿ ತೆಗೀಬೇಕು."

ತಿವಿಜಿ ಎಂದರೆ ಊರೆಲ್ಲ ಸೇರಿ ಮಾಡುವ ಕೆಲಸ. ಮನೆಗೊಬ್ಬರು ಬರಲೇಬೇಕು. ಅದರಲ್ಲೊಂದು ಹಳೆಯ ಕಟ್ಟಳೆಯಿದೆ. ಎರಡು ಮನೆಯ ನಡುವಿನ ಚರಂಡಿಯನ್ನು ಆ ಎರಡು ಮನೆಯವರೇ ಒಟ್ಟಿಗೆ ನಿಂತು ತೆಗೆಯಬೇಕು. ಮೂರನೆಯವರು ಅದರಲ್ಲಿ ಕೈ ಹಾಕುವಂತಿಲ್ಲ, ಒಂದು ಮನೆಯವರು ಇನ್ನೊಂದು ಮನೆಯ ಪಾಲು ಮುಟ್ಟುವಂತಿಲ್ಲ. ನೀರನ್ನು ನನ್ನ ಕಡೆಗೆ ತಿರುಗಿಸಿದೆ ಎಂಬ ಜಗಳ ಬರದಿರಲೆಂದು ಹಿರಿಯರು ಮಾಡಿದ್ದು.

ಶುಕ್ರವಾರ ತಾವೂಸ್ ಗುದ್ದಲಿ ಹಿಡಿದು ಮೆಟ್ಟಿಲ ನಡುವೆ ಬಂದು ನಿಂತಳು. ತನ್ನ ಪಾಲಿನ ಕೆಳಗಿನ ಅರ್ಧ ತೆಗೆದಳು. ಮೇಲಿನ ಅರ್ಧಕ್ಕಾಗಿ ಮಧ್ಯಾಹ್ನದವರೆಗೆ ಕಾದಳು. ನುವಾರಾ ಬಾಗಿಲ ಪರದೆಯ ಹಿಂದೆ ನಿಂತು ಎಲ್ಲ ನೋಡುತ್ತಿದ್ದಳು. 'ನನ್ನ ಮಗನ ಬುರ್ನೂಸ್ ನಿಲ್ಲಿಸಿದವಳ ಜೊತೆ ನಾನು ಗುದ್ದಲಿ ಹಿಡೀಬೇಕಾ?' ಮೆಜಿಯಾನ್ ಹೋಗುತ್ತೇನೆಂದರೆ ಅವನನ್ನೂ ಬಿಡಲಿಲ್ಲ. ಊರೆಲ್ಲ ಕೆಲಸ ಮುಗಿಸಿ, ಬುಗ್ಗೆಯ ಹತ್ತಿರ ಕೂತು ಗೋಧಿ ರವೆಯ ಕುಸ್ಕುಸ್ ಉಂಡು, ಮಜ್ಜಿಗೆ ಕುಡಿದು ಎದ್ದಿತು. ಆ ಐದಾರು ಮೆಟ್ಟಿಲಷ್ಟು ಚರಂಡಿ ಮಾತ್ರ ಎಲೆ ತುಂಬಿಕೊಂಡು ಹಾಗೇ ಉಳಿಯಿತು.

ಭಾನುವಾರ ಬೆಳಿಗ್ಗೆ ಮಳೆ ಬಂತು. ಮೊದಲ ಮಳೆ, ಅದೂ ಬೆಟ್ಟದ ಮಳೆ. ನುವಾರಾ ರೊಟ್ಟಿ ಬೇಯಿಸುತ್ತಾ ತನ್ನ ಅಂಗಳ ನೋಡಿದಳು. ನೀರು ಸರಸರನೆ ಇಳಿದುಹೋಗುತ್ತಿತ್ತು. ಸಮಾಧಾನದಿಂದ ರೊಟ್ಟಿ ಮಗುಚಿದಳು.

ಆಗ ಕೆಳಗಿನಿಂದ ತಾವೂಸಳ ಕೂಗು ಕೇಳಿತು.

"ಮಗ್ಗ! ಮಗ್ಗ ಎತ್ತಿ! ಬೇಗ ಬನ್ರೇ, ಬುರ್ನೂಸ್ ನೆನೀತಿದೆ!"

ನುವಾರಾಳ ಕೈಯಿಂದ ರೊಟ್ಟಿ ಜಾರಿತು. ಮಗ್ಗವೇ? ಬುರ್ನೂಸೇ? ಬರಿಗಾಲಿನಲ್ಲಿ ಓಡಿದಳು. ಮೆಟ್ಟಿಲ ಅರ್ಧಕ್ಕೆ ಬಂದರೆ ಚರಂಡಿಯಲ್ಲಿ ಎಲೆ ಗೋಡೆಯಂತೆ ಕಟ್ಟಿಕೊಂಡಿತ್ತು. ನೀರು ಅದನ್ನು ಹಾರಿ, ಮೆಟ್ಟಿಲ ಮೇಲೆ ಹರಿದು, ನೆಟ್ಟಗೆ ತಾವೂಸಳ ಹೊಸ್ತಿಲು ದಾಟುತ್ತಿತ್ತು. ನುವಾರಾ ಅಲ್ಲೇ ಮಂಡಿಯೂರಿ ಎರಡೂ ಕೈಯಿಂದ ಎಲೆ ಬಾಚಿ ಎಸೆದಳು. ಉಗುರು ಕಿತ್ತುಬಂದದ್ದೂ ತಿಳಿಯಲಿಲ್ಲ. ಕೊನೆಗೆ ಗುಡುಗುಡು ಎಂದು ನೀರು ತನ್ನ ದಾರಿ ಹಿಡಿಯಿತು. ಎದ್ದು ಒಳಗೆ ನುಗ್ಗಿದಳು.

ಒಳಗೆ ಪಾದ ಮುಳುಗುವಷ್ಟು ಕಂದು ನೀರು. ತಾವೂಸ್ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳು ನಿಲುಮಗ್ಗದ ಕೆಳಗಿನ ಮರವನ್ನು ಎತ್ತಿ ಹಿಡಿದು ನಡುಗುತ್ತಿದ್ದರು. ನೇಯ್ದದ್ದೆಲ್ಲ ಸುತ್ತಿಕೊಂಡಿರುವುದು ಆ ಕೆಳಗಿನ ಮರಕ್ಕೇ. ನುವಾರಾ ಹೆಗಲು ಕೊಟ್ಟಳು. ನಾಲ್ವರೂ ಸೇರಿ ಅದನ್ನು ಕಟ್ಟೆಯ ಮೇಲಿಟ್ಟರು.

ಬುರ್ನೂಸ್ ಹೆಚ್ಚುಕಡಿಮೆ ಮುಗಿದಿತ್ತು. ಟೋಪಿಯ ಭಾಗ ಒಂದೇ ಬಾಕಿ. ಅಷ್ಟು ನವಿರಾದ ನೇಯ್ಗೆಯನ್ನು ನುವಾರಾ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

"ನೀನು... ನಿಲ್ಲಿಸಿರ್ಲಿಲ್ವೇನೇ?" ಎಂದಳು.

ತಾವೂಸ್ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು. "ಸಿಟ್ಟು ನಿಮ್ಮ ಮೇಲೆ ನುವಾರಕ್ಕ. ಮೆಜಿಯಾನ್ ಮೇಲೆ ನನಗೇನು ಸಿಟ್ಟು? ನನ್ನ ಸೊಂಟದ ಮೇಲೆ ಬೆಳೆದ ಹುಡುಗ ಅವನು."

"ಮತ್ತೆ ಸದ್ದೇ ಕೇಳಿಸ್ತಿರ್ಲಿಲ್ವಲ್ಲೇ!"

"ಬಾಗಿಲು ತೆಗೆದಿಟ್ರೆ ಎಲೆ ಹಾರಿ ಬಂದು ಬಿಳಿ ಉಣ್ಣೆಗೆ ಅಂಟ್ಕೊಳ್ತಿತ್ತು. ಇದ್ದಬದ್ದ ಕಿಟಕಿ ಬಾಗಿಲೆಲ್ಲ ಮುಚ್ಚಿ, ಮೇಲೆ ಕಂಬಳಿ ಇಳಿಬಿಟ್ಟು, ಬೆಳಕಿಲ್ದೆ ಕಣ್ಣು ನೋಯಿಸ್ಕೊಂಡು ನೇಯ್ದೆ."

ನುವಾರಾ ಮಗ್ಗದ ಹತ್ತಿರ ಬಂದಳು. ಮರದ ಮೇಲಿನ ಬಟ್ಟೆಯನ್ನು ಮೆಲ್ಲನೆ ಬಿಡಿಸಿದರು. ಅಂಚಿನಲ್ಲಿ ಗೇಣುದ್ದ ಕಂದು ಕಲೆ.

"ತೊಳೆದ್ರೆ ಹೋಗಲ್ವಾ?"

"ಅಕ್ರೋಟ್ ಎಲೆ ನೀರು ಅಕ್ಕ. ಉಣ್ಣೆಗೆ ಬಣ್ಣ ಹಾಕೋಕೆ ನಾವು ಬಳಸೋದೇ ಅದನ್ನ. ಹೋಗತ್ತಾ?"

ನುವಾರಾ ಆ ಒದ್ದೆ ನೆಲದಲ್ಲೇ ಕುಸಿದು ಕೂತು ಅತ್ತಳು. ಗಂಡ ಸತ್ತಾಗಲೂ ಊರ ಮುಂದೆ ಅಳದ ಹೆಂಗಸು. "ತಪ್ಪು ನಂದು ಕಣೇ. ನನ್ನ ಬಾಗಿಲು ಚೊಕ್ಕಟ ಆದ್ರೆ ಸಾಕು ಅಂದ್ಕೊಂಡೆ. ಆ ಕೊಳೆಯೆಲ್ಲ ನಿನ್ನ ಬಾಗಿಲಿಗೆ ತಳ್ಳಿದೆ. ಶುಕ್ರವಾರ ನೀನು ಕಾದು ನಿಂತಿದ್ದು ನೋಡ್ತಾನೇ ಇದ್ದೆ, ಬರ್ಲಿಲ್ಲ."

"ಪರದೆ ಕೆಳಗೆ ನಿಮ್ಮ ಕಾಲು ಕಾಣ್ತಿತ್ತು," ಎಂದಳು ತಾವೂಸ್. ಹಾಗೆಂದು ನಕ್ಕಳು. ನುವಾರಾಳಿಗೂ ಅಳುವಿನ ನಡುವೆ ನಗು ಬಂತು.

ಮಳೆ ನಿಂತ ಮರುದಿನ ಜೆಜ್ಜಿಗಾ ಆ ದಾರಿಯಲ್ಲಿ ಬಂದಾಗ ಮೆಟ್ಟಿಲ ಪಕ್ಕ ನುವಾರಾ ಗುಂಡಿ ತೋಡುತ್ತಿದ್ದಳು, ತಾವೂಸ್ ಮಣ್ಣು ಎತ್ತಿ ಹಾಕುತ್ತಿದ್ದಳು.

"ಮೊಣಕಾಲುದ್ದ ಸಾಕು ಅಂದಿದ್ದೆ," ಎಂದಳು ಜೆಜ್ಜಿಗಾ.

"ಸುಮ್ನಿರೇ. ಎರಡು ಮನೆ ಎಲೆ ಹಿಡೀಬೇಕು," ಎಂದು ನುವಾರಾ ಗದರಿದಳು. "ಹಂಗೇ ಆ ಕುರಿ ಗೊಬ್ಬರ ಎಷ್ಟು ಹಾಕ್ಬೇಕು ಅಂತ ಇನ್ನೊಂದ್ಸಲ ಹೇಳು."

ಮದುವೆಯ ದಿನ ಬಿಸಿಲು ಹೊಳೆಯುತ್ತಿತ್ತು. ಮೆಜಿಯಾನ್ ಬುರ್ನೂಸ್ ಹೊದ್ದು ಹೊರಬಂದಾಗ ಹೆಂಗಸರು ನಾಲಿಗೆ ಆಡಿಸಿ ಸಂಭ್ರಮದ ಕೇಕೆ ಹಾಕಿದರು. ಕಲೆಯ ಭಾಗ ಕತ್ತರಿಸಿ ಮಡಿಚಿ ಹೊಲಿಯುತ್ತೇನೆ ಎಂದಿದ್ದಳು ತಾವೂಸ್. ನುವಾರಾ ಒಪ್ಪಿರಲಿಲ್ಲ. ಹೆಣ್ಣಿನ ಕಡೆಯ ಒಬ್ಬ ಅತ್ತೆಗೆ ಕಣ್ಣು ಚುರುಕು.

"ಬುರ್ನೂಸ್ ಏನೋ ಚೆನ್ನಾಗಿದೆ," ಎಂದಳು ಎಲ್ಲರಿಗೂ ಕೇಳುವಂತೆ. "ಆದ್ರೆ ಅಂಚಲ್ಲಿ ಅದೇನು ಕಲೆ? ನೇಯ್ದವಳ ಕೈ ಕೊಳಕಾಗಿತ್ತೋ ಏನೋ."

ಎಲ್ಲರೂ ಬುರ್ನೂಸಿನ ಅಂಚಿನ ಕಡೆ ನೋಡಿದರು. ತಾವೂಸ್ ತಲೆ ತಗ್ಗಿಸಿದಳು. ನುವಾರಾ ಮುಂದೆ ಬಂದು ತಾವೂಸಳ ಕೈ ಹಿಡಿದು ಎಲ್ಲರ ಕಣ್ಣಿಗೆ ಬೀಳುವಂತೆ ಮೇಲೆತ್ತಿದಳು.

"ಆ ಕಲೆ ನನ್ನ ಪೊರಕೆದು. ಆ ಬಿಳಿ ಇದೆಯಲ್ಲ, ಅದು ಈ ಕೈದು. ನೋಡ್ಕೊಳ್ಳಿ. ಹೀಗೆ ನೇಯೋರು ನಿಮ್ಮೂರಲ್ಲಿ ಯಾರಾದ್ರೂ ಇದ್ರೆ ಹೇಳಿ. ಇವಳು ನನ್ನ ಕೆಳಗಿನ ಮನೆಯವಳು."

ಅಂಥ ಹೆಮ್ಮೆಯ ದನಿಯಲ್ಲಿ ಅವಳು ತನ್ನ ಅಂಗಳದ ಬಗ್ಗೆಯೂ ಎಂದೂ ಮಾತಾಡಿರಲಿಲ್ಲ.

ಮುಂದಿನ ಶರತ್ಕಾಲದಲ್ಲಿ ಆ ಗುಂಡಿಯಿಂದ ಹದಿನಾಲ್ಕು ಬುಟ್ಟಿ ಕಪ್ಪು ಗೊಬ್ಬರ ಬಂತು. ಏಳು ಬುಟ್ಟಿ ಮೇಲಿನ ಮನೆಯ ಅಂಜೂರದ ಬುಡಕ್ಕೆ, ಏಳು ಕೆಳಗಿನ ಮನೆಯ ಆಲಿವ್ ಬುಡಕ್ಕೆ. ತಿವಿಜಿಯ ಶುಕ್ರವಾರ ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಮೆಟ್ಟಿಲ ನಡುವೆ ನಿಂತದ್ದು ನುವಾರಾ. ಈಗ ಆ ಊರಿನ ಮೆಟ್ಟಿಲುಗಳ ಪಕ್ಕ ಇಪ್ಪತ್ತೆರಡು ಗುಂಡಿಗಳಿವೆ. ಯಾರೂ ಅವನ್ನು ತಿಪ್ಪೆ ಎನ್ನುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮುಂದೆಯೂ ಯಾವುದೋ ಮರವಿರುತ್ತದೆ, ಅದರ ಎಲೆಯೂ ಉದುರುತ್ತದೆ. ಸುಡಬೇಡಿ. ಚರಂಡಿಗೆ ತಳ್ಳಬೇಡಿ. ಒಂದು ಗುಂಡಿ ತೋಡಿ ಮಣ್ಣಿಗೆ ಕೊಡಿ. ಮಳೆಗೆ ಮೊದಲು ಪಕ್ಕದ ಮನೆಯವರನ್ನು ಕರೆದು ಇಬ್ಬರೂ ಸೇರಿ ಚರಂಡಿ ತೆಗೆಯಿರಿ. ಮಾತು ಬಿಟ್ಟಿದ್ದರೆ ಇವತ್ತೇ ಹೋಗಿ ಬಾಗಿಲು ತಟ್ಟಿ. ಆ ಮುಚ್ಚಿದ ಬಾಗಿಲ ಹಿಂದೆ ಅವರು ನಿಮಗಾಗಿ ಏನು ನೇಯುತ್ತಿದ್ದಾರೋ ಯಾರಿಗೆ ಗೊತ್ತು?

ನಾಳೆ ಬೆಳಿಗ್ಗೆ ಪೊರಕೆ ಹಿಡಿದಾಗ, ಗುಡಿಸುವ ಮೊದಲು ಒಮ್ಮೆ ಕೆಳಗಿನ ಮನೆಯ ಕಡೆ ನೋಡಿ.