ವಿಭಾಳ ಮೂರನೆಯ ವಾಕ್ಯ

ವಿಮೆ ಕಚೇರಿಯಲ್ಲಿ ಮಾರ್ಚ್ ತಿಂಗಳೆಂದರೆ ಕೇಳಬೇಡಿ. ಬಸ್ಸಿನಲ್ಲಿ ನಿಂತೇ ಪುರಸೈವಾಕ್ಕಂನ ಮನೆ ತಲುಪಿದ್ದೆ. ಚಪ್ಪಲಿ ಬಿಡುವ ಮೊದಲೇ ಮಗಳು ವಿಭಾ ನೋಟ್‌ಪುಸ್ತಕ ಹಿಡಿದು ಎದುರಾದಳು. ಶಾಲೆಯ ತಮಿಳು ಅವಳ ಕನ್ನಡದಲ್ಲಿ ಸೇರಿಕೊಂಡೇ ಬರುತ್ತದೆ.

"ಅಮ್ಮಾ, ಕರೆಕ್ಷನ್ ಪಣ್ಣುಮಾ, ತಿದ್ದಿಕೊಡು. ಮಂಡೇ ಕೊಡಬೇಕು."

ಏಳನೇ ಕ್ಲಾಸು. ಊಟತಿಂಡಿಯ ಇಂಗ್ಲಿಷ್ ನುಡಿಗಟ್ಟು ಹತ್ತು; ಒಂದೊಂದಕ್ಕೂ ಮನೆಯವರ ಮೇಲೆ ಒಂದು ವಾಕ್ಯ. ಪೆನ್ನು ಹಿಡಿದು ಗೋಡೆಗೊರಗಿದೆ. ಕಾಲು ಕಂಬವಾಗಿತ್ತು.

ಮೊದಲನೆಯದು ಅಪ್ಪ: 'ವುಲ್ಫ್ಸ್ ಡೌನ್'. ಮಣಲಿಯ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸು ತಪ್ಪೀತೆಂದು ತೋಳದ ಹಾಗೆ ಗಬಗಬ ನುಂಗುತ್ತಾರೆ. ನಿಜ. ಎರಡನೆಯದು ನಾನು: 'ಗ್ರ್ಯಾಬ್ಸ್ ಎ ಬೈಟ್'. ನಿಂತಲ್ಲೇ ಏನೋ ಬಾಯಿಗೆ ಹಾಕಿಕೊಂಡು ಓಡುತ್ತೇನೆ. ಅದೂ ನಿಜ. ಮೂರನೆಯದು: ಅಜ್ಜಿ 'ಈಟ್ಸ್ ಲೈಕ್ ಎ ಬರ್ಡ್', ಹಕ್ಕಿಯ ಹಾಗೆ, ದಿನಕ್ಕೆ ಒಂದು ಹಿಡಿ ಅವಲಕ್ಕಿ.

"ಸುಳ್ಳು ಬರೀಬೇಡ ಕಣೇ. ಅಜ್ಜಿ ಅನ್ನ ಸಾರು ಮಾಡ್ಕೊಂಡು ಊಟ ಮಾಡ್ತಾರಲ್ಲ."

"ಇಲ್ಲಮ್ಮಾ, ಅಜ್ಜಿ ಸಮೈಕ್ಕಿರದೇ ಇಲ್ಲ. ಅಡುಗೇನೇ ಮಾಡಲ್ಲ. ಪಾತ್ರೇನ ಸುಮ್ಮನೆ ಒದ್ದೆ ಮಾಡಿ ಕವುಚಿಡ್ತಾರೆ. ಐ ಸಾ."

ನಮ್ಮತ್ತೆ ಜಾನಕಮ್ಮನವರಿಗೆ ದಿನಕ್ಕೊಂದೇ ಊಟ, ಮಧ್ಯಾಹ್ನ, ಮಡಿಯಲ್ಲಿ. ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆಯುಟ್ಟು, ಹಿತ್ತಲ ಬಾವಿಯಿಂದ ತಾವೇ ನೀರು ಸೇದಿ, ತಾವೇ ಬೇಯಿಸಿಕೊಂಡರೆ ಆಯಿತು. ಬಸ್ಸು ಹತ್ತಿ ಬಂದ ನನ್ನ ಕೈಯಡುಗೆ ಆಗದು; ಆ ಬಗ್ಗೆ ನಮ್ಮಲ್ಲಿ ಜಗಳವೂ ಇರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಈ ತಿಂಗಳಷ್ಟೇ ವಿಭಾಳ ಶಾಲೆ ಬೆಳಗಿನ ಹೊತ್ತಿಗಾಗಿ, ಹನ್ನೆರಡಕ್ಕೇ ಬರತೊಡಗಿದ್ದಳು. ನಾನು ಸಂಜೆ ಬಂದಾಗ ಕವುಚಿಟ್ಟ ಪಾತ್ರೆ ನೋಡಿ, ಸದ್ಯ, ಅತ್ತೆಯದಾಯಿತು ಎಂದುಕೊಳ್ಳುತ್ತಿದ್ದೆ.

ಅತ್ತೆ ಬತ್ತಿ ಹೊಸೆಯುತ್ತಾ ಕೂತಿದ್ದರು. ಮಣಿಕಟ್ಟಿನ ಬಳೆ ಮೊಣಕೈತನಕ ಜಾರಿತ್ತು. ಇಷ್ಟು ದಿನ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಅಮ್ಮಾ, ಅಡುಗೆ ಮಾಡ್ಕೊಳ್ತಿಲ್ವಂತೆ?"

"ಯಾರು ಹೇಳಿದ್ದು? ಆ ಇಂಗ್ಲಿಷ್ ಪಂಡಿತೆಯಾ?"

"ಯಾಕಮ್ಮಾ?"

"ಬಾವಿ ಇಣುಕಿ ನೋಡಿದ್ಯಾ? ನೀರು ಪಾತಾಳಕ್ಕೆ ಹೋಗಿದೆ. ಹಗ್ಗ ಎಳೆದ್ರೆ ರಟ್ಟೆ ಬರಲ್ಲ. ಒಂದು ತಂಬಿಗೆ ಸೇದೋಷ್ಟರಲ್ಲಿ ಕಣ್ಣು ಕತ್ತಲೆ."

"ಬೀದಿಗೆ ಬರೋ ಲಾರಿ ನೀರು..."

"ಬೀದಿಯವರೆಲ್ಲ ಕೈ ಅದ್ದಿದ್ದು."

"ನಂಗೆ ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ಸೇದ್ತೀಯ. ಐದಕ್ಕೆ ಏಳೋಳು ನಾಲ್ಕಕ್ಕೆ ಏಳ್ತೀಯ. ನಿನ್ನ ಮುಖ ನೋಡ್ಕೋ ಹೋಗು, ಹಿಂಡಿದ ನಿಂಬೆಹೋಳು."

ನಿಜ ಹೇಳುತ್ತೇನೆ, ಆಗ ನನಗೆ ಮೊದಲು ಬಂದದ್ದು ಅಳುವಲ್ಲ. ಅಯ್ಯೋ, ಇನ್ನೊಂದು ಕೆಲಸವಾ ಎನ್ನಿಸಿತು. ನಾಚಿಕೆಯಾದದ್ದು ಆಮೇಲೆ.

ನನ್ನ ಗಂಡ ಉಪೇಂದ್ರ ಬಂದಾಗ ನೋಟ್‌ಪುಸ್ತಕ ಕೈಗಿಟ್ಟೆ. ತಮ್ಮ ತೋಳದ ವಾಕ್ಯಕ್ಕೆ ನಕ್ಕರು. ಮೂರನೆಯದನ್ನು ಎರಡು ಸಲ ಓದಿದರು. ವಿಭಾ ಪಾತ್ರೆಯ ವಿಷಯ ಹೇಳಿದಳು, ನಾನು ಬಾವಿಯದು ಹೇಳಿದೆ. ತಟ್ಟೆಯ ಮುಂದೆ ಕೂತರೂ ಅಂದು ಅವರು ಗಬಗಬ ತಿನ್ನಲಿಲ್ಲ.

ಮರುದಿನ ನಾಲ್ಕೂವರೆಗೆ ರಾಟೆ ಕಿರುಗುಟ್ಟಿತು. ತಣ್ಣೀರು ಮಿಂದು, ಒದ್ದೆ ಪಂಚೆಯಲ್ಲಿ ನಡುಗುತ್ತಾ ಇವರು ನೀರು ಸೇದುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಹಗ್ಗ ಅಲ್ಲಿ ಬಿಟ್ಟ ಚಪ್ಪಲಿಗೆ ತಾಗ್ತು. ಚೆಲ್ಲು, ಬೇರೆ ಸೇದು."

"ಅಮ್ಮಾ, ನಂಗೆ ಬಸ್ಸಿದೆ!"

"ನಂಗೆ ಮಡಿಯಿದೆ."

ಚೆಲ್ಲಿ ಮತ್ತೆ ಸೇದಿದರು. ಎರಡು ಕೊಡ. ಬಸ್ಸು ತಪ್ಪಿತು. ನಾಳೆ ನನ್ನ ಸರದಿ ಎಂದು ಮಾತಾಯಿತು.

ಮಧ್ಯಾಹ್ನ ಒಂದಕ್ಕೆ ಕಚೇರಿಗೆ ಫೋನು ಬಂತು. ವಿಭಾ ಪಿಸುಗುಟ್ಟುತ್ತಿದ್ದಳು.

"ಅಮ್ಮಾ, ಅಜ್ಜಿ ಸಾಪ್ಪಿಟ್ಟಾಚ್ಚು, ಊಟ ಆಯ್ತು. ಅನ್ನ, ಸಾರು. ಸೆಕೆಂಡ್ ಟೈಮೂ ಬಡಿಸ್ಕೊಂಡ್ರು. ಮೂರನೇ ವಾಕ್ಯ ಹೊಡೆದು ಹಾಕ್ಲಾ?"

ಮೇಜಿನ ಮೇಲೆ ಫೈಲುಗಳು ಬೆಳೆದು ನಿಂತಿದ್ದವು. ನಾಳೆ ನಾಲ್ಕೂವರೆ ನೆನಪಾಗಿ ಭುಜ ಈಗಲೇ ನೋಯತೊಡಗಿತು.

"ಇವತ್ತೇ ಬೇಡ ಮರಿ," ಎಂದೆ. "ಮಂಡೇ ತಾನೇ ಕೊಡೋದು? ನಾಳೆ, ನಾಳಿದ್ದೂ ನೋಡು. ಆಮೇಲೆ ಹೊಡೆದು ಹಾಕು."