ಕಾಯಿ ಇಲ್ಲದೆ ಕೂರಬಾರದ ಮಣೆ

ನಾನು ಒಂದು ಹೆರೆಮಣೆ, ಮೇಲೆ ಕೂತು ತೆಂಗಿನಕಾಯಿ ತುರಿಯುವ ಮಣೆ. ಹುಟ್ಟಿದ್ದು ಶ್ರೀಲಂಕೆಯ ಗಾಲೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಹಲಸಿನ ಮರದಿಂದ. ಮರದ ಒಳ್ಳೆಯ ಭಾಗವೆಲ್ಲ ಬಾಗಿಲಾಗಿ, ಮಂಚವಾಗಿ ಹೋಯಿತು. ಉಳಿದ ತುಂಡನ್ನು ಬಡಗಿ ಅತ್ತಿತ್ತ ತಿರುಗಿಸಿ ನೋಡಿ ನನ್ನನ್ನು ಮಾಡಿದ. ಕಮ್ಮಾರ ನನ್ನ ಮೂತಿಗೆ ಹಲ್ಲುಹಲ್ಲಿನ ಕಬ್ಬಿಣ ಜಡಿದ. ಅಲ್ಲಿಯವರು ನನ್ನನ್ನು ಹಿರಮಣೆ ಅನ್ನುತ್ತಿದ್ದರು, ಇಲ್ಲಿಯವರು ಹೆರೆಮಣೆ ಅನ್ನುತ್ತಾರೆ. ಕಾಯಿಯೂ ಅದೇ, ತುರಿಯೂ ಅದೇ. ಹಾಗಿರುವಾಗ ಇದು ಒಂದು ದೇಶ, ಅದು ಇನ್ನೊಂದು ದೇಶ ಎನ್ನುವುದು ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನೆಲದ ಮೇಲೆ ಬಿದ್ದಿರುವವನಿಗೆ ಕಾಣುವುದು ಕಾಲುಗಳು ಮಾತ್ರ, ಕಾನೂನು ಕಾಣುವುದಿಲ್ಲ.

ನನ್ನ ಮೊದಲ ಒಡತಿ ಸೋಮಾವತಿ. ಗಂಡ ತೀರಿಕೊಂಡ ಮೇಲೆ ಬೆಳಗಿನ ತಿಂಡಿ ಮಾಡಿ ಮಾರಿ ಒಬ್ಬಳೇ ಮಗಳನ್ನು ಸಾಕಿದವಳು. ಆ ಮಗಳು ನಿಲ್ಮಿಣಿ ಮಸ್ಕತ್ತಿನ ಹೋಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಹೋದಳು. ಅಲ್ಲಿ ಮೀನು ಹುರಿಯುತ್ತಿದ್ದ ದಿವಾಕರ ಮೊಗವೀರ ಎಂಬ ಕುಂದಾಪುರದ ಕೋಡಿಯವನನ್ನು ಮೆಚ್ಚಿ ಮದುವೆಯಾದಳು. ಚಿನ್ನ ಕೊಡಲಾಗದ ತಾಯಿ ಮಗಳಿಗೆ ನನ್ನನ್ನು ಕೊಟ್ಟಳು. ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ಈ ದೇಶಕ್ಕೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಹಲ್ಲು ಮುಟ್ಟಿ ನೋಡಿ ನಕ್ಕು ಬಿಟ್ಟುಬಿಟ್ಟ. ನನ್ನನ್ನು ಎಷ್ಟು ದಿನ ಇರುತ್ತೀ ಎಂದು ಕೇಳಲಿಲ್ಲ. ನಿಲ್ಮಿಣಿಯನ್ನು ಕೇಳಿದ. ಅವಳ ಪುಸ್ತಕದಲ್ಲಿ ಮುದ್ರೆ ಒತ್ತಿ, ಇಷ್ಟರೊಳಗೆ ಮತ್ತೆ ಬಂದು ಅನುಮತಿ ಕೇಳಬೇಕು ಎಂದ. ನಾವಿಬ್ಬರೂ ಒಂದೇ ಪೆಟ್ಟಿಗೆಯ ಜೊತೆ ಬಂದವರು, ನನಗಿಲ್ಲದ ಗಡುವು ಅವಳಿಗೆ ಯಾಕೆ?

ದಿವಾಕರನ ತಾಯಿ ಮುತ್ತಕ್ಕ ನನ್ನನ್ನು ಕಂಡದ್ದೇ ಮೂಗು ಮುರಿದಳು.

"ನಮ್ಮನೆಗೆ ಹೆರೆಮಣಿ ಇಲ್ಲೆ ಅಂದ್ಕಂಡಿದ್ಯಾ ಹೆಣೆ? ಸಮುದ್ರ ದಾಟ್ಸಿ ಹೊತ್ಕಂಡ್ ಬಂದದ್ದ್ ಎಂತಕ್ಕೆ?"

ನಿಲ್ಮಿಣಿಗೆ ಒಂದಕ್ಷರ ತಿಳಿಯಲಿಲ್ಲ. ಕೂತು ತುರಿದು ತೋರಿಸಿದಳು. ಹೂವಿನಂಥ ತುರಿ ಬಿತ್ತು. ವಾರ ಕಳೆಯುವುದರೊಳಗೆ ಮುತ್ತಕ್ಕನ ಸ್ವಂತ ಹೆರೆಮಣೆ ಅಟ್ಟ ಸೇರಿತು. ಮುತ್ತಕ್ಕ ಹಾಕಿದ್ದು ಒಂದೇ ಕಟ್ಟಳೆ: ಕೈಯಲ್ಲಿ ಕಾಯಿ ಇಲ್ಲದೆ ನನ್ನ ಮೇಲೆ ಯಾರೂ ಕೂರಬಾರದು. ಹಾಗೆ ಕೂತರೆ ಮನೆಗೆ ಸಂಕಟ ಬರುತ್ತದಂತೆ.

ಗಂಡಹೆಂಡತಿ ಕೋಡಿಯಲ್ಲೇ ಒಂದು ಮೀನೂಟದ ಹೋಟೆಲು ಹಾಕಿದರು. ನಿಲ್ಮಿಣಿ ಆ ಊರಿನ ಮಾತು ಕಲಿತಳು, ಅತ್ತೆಯ ಹಾಗೆ ಬೈಯುವುದನ್ನೂ ಕಲಿತಳು. ಆದರೆ ವೀಸಾ ಮುಗಿಯುವ ಹೊತ್ತು ಬಂದಾಗಲೆಲ್ಲ ಅವಳ ಕಾಲು ಅಡುಗೆಮನೆಯಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಇಲ್ಲಿಯ ಪೌರತ್ವ ಸಿಕ್ಕರೆ ಈ ಕಾಟ ತಪ್ಪುತ್ತದೆ ಎಂದು ದಿವಾಕರ ವಿಚಾರಿಸಿಕೊಂಡು ಬಂದ. ಈ ದೇಶದವನನ್ನು ಮದುವೆಯಾದವಳು ಏಳು ವರ್ಷ ಇಲ್ಲಿ ನೆಲೆಸಿರಬೇಕು. ಕಾಯೋಣ ಎಂದರು. ಏಳು ವರ್ಷ ಎಂಬುದನ್ನು ಮನೆಯವರೆಲ್ಲ ಸರಿಯಾಗಿ ನೆನಪಿಟ್ಟುಕೊಂಡರು. ಅದರ ಬಾಲವನ್ನು ಯಾರೂ ನೋಡಲಿಲ್ಲ.

ಏಳನೆಯ ವರ್ಷದಲ್ಲಿ, ಹರಕೆ ಹೊತ್ತು ಹೊತ್ತು ಸುಸ್ತಾದ ಮೇಲೆ, ನಿಲ್ಮಿಣಿ ಬಸುರಾದಳು. ಮುತ್ತಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೀಮಂತ ಮಾಡಿ, ಹೂ ಮುಡಿಸಿ, ಹೊರಡಿಸಿಯೇಬಿಟ್ಟಳು.

"ಮೊದಲ್ನೆ ಬಾಣಂತನ ತವರಂಗೇ ಆಯ್ಕ್. ನಿನ್ನ್ ಅಬ್ಬಿಗೂ ಆಸೆ ಇರುದಿಲ್ಯಾ?"

ತಾಯಿಗೆ ಇಲ್ಲಿಯವರು ಅಬ್ಬಿ ಅನ್ನುತ್ತಾರೆ. ಯಾರೂ ಬೇಡ ಅನ್ನಲಿಲ್ಲ. ಯಾಕೆ ಅಂದಾರು? ಈ ಊರಿನಲ್ಲಿ ಎಲ್ಲ ಹೆಣ್ಣುಮಕ್ಕಳೂ ಹೋಗುವುದೇ ಹಾಗೆ. ನನ್ನನ್ನು ಗೋಡೆಗೆ ಒರಗಿಸಿಟ್ಟು ಅವಳು ಗಾಲೆಗೆ ಹೋದಳು, ತಿಂಗಳುಗಳ ಮೇಲೆ, ಕರೆತರಲು ಹೋದ ದಿವಾಕರನ ಜೊತೆ ಕೂಸನ್ನು ಎತ್ತಿಕೊಂಡು ಬಂದಳು. ಬಂದವಳು ವಿಮಾನ ನಿಲ್ದಾಣದ ಕತೆ ಹೇಳಿ ಅತ್ತಳು. ಕೂಸಿಗೆ ಅಪ್ಪನ ದೇಶದ ಪಾಸ್‌ಪೋರ್ಟು. ಅಪ್ಪನೂ ಕೂಸೂ ಒಂದು ಸಾಲು, ಹಾಲೂಡಿಸುವ ತಾಯಿ ಇನ್ನೊಂದು ಸಾಲು. ಕೂಸು ಅತ್ತ ಕಿರುಚುತ್ತಿತ್ತು, ಇವಳು ಇತ್ತ ನಿಂತಿದ್ದಳು. ಅವತ್ತಿನಿಂದ ಅವಳಿಗೆ ಬೇಕಾದದ್ದು ಇಷ್ಟೇ, ಮಗಳ ಸಾಲಿನಲ್ಲಿ ನಿಲ್ಲುವುದು.

ಅರ್ಜಿ ಕೊಡಲು ಹೋದ ದಿವಾಕರ ಸಂಜೆ ಬಾಡಿದ ಮುಖ ಹೊತ್ತು ಬಂದ.

"ಏಳ್ ವರ್ಷದ್ದ್ ಸರಿಯೇ ಅಂಬ್ರ್. ಆರೆ ಅರ್ಜಿ ಹಾಕುಕ್ ಮೊದ್ಲಿನ ಒಂದ್ ವರ್ಷ ಗಡಿ ದಾಟುಕಾಗ ಅಂಬ್ರ್. ಬಾಣಂತನಕ್ಕೆ ಹೋದ್ದೇ ತಪ್ಪಾಯ್ತ್. ಇನ್ನ್ ವಾಪಸ್ ಬಂದ ದಿನದಿಂದ ಹೊಸ ಲೆಕ್ಕ."

ಮುತ್ತಕ್ಕ ಸೌಟು ಹಿಡಿದು ನಿಂತೇ ಇದ್ದಳು.

"ಬಾಣಂತನಕ್ಕೆ ಹೋಪುದಂದ್ರೆ ಊರ್ ಬಿಟ್ಟ್ ಹೋಪುದಾ? ಅದ್ ತಿರ್ಗಿ ಬಪ್ಪುಕೇ ಹೋಪುದಲ್ದಾ?"

ಅವಳ ಪ್ರಶ್ನೆ ನನ್ನದೂ ಆಗಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರೆ. ಅಲ್ಲಿ ಹೊರಗಾದವಳು ಇಲ್ಲಿ ಒಳಗಾಗಲಿಲ್ಲ ಎಂದರೆ ಅವಳು ಇದ್ದದ್ದಾದರೂ ಎಲ್ಲಿ? ನನಗಂತೂ ದಿನಾ ನನ್ನ ಮೇಲೆಯೇ ಕೂತಿದ್ದ ಹಾಗೆ ನೆನಪು.

ಹೊಸ ಲೆಕ್ಕದ ಒಂದು ವರ್ಷ ಇನ್ನೇನು ಮುಗಿಯುವುದರಲ್ಲಿತ್ತು. ಒಂದು ಬೆಳಿಗ್ಗೆ ಗಾಲೆಯಿಂದ ಪಕ್ಕದ ಮನೆಯವರ ಫೋನು ಬಂತು. ಸೋಮಾವತಿಗೆ ಪಾರ್ಶ್ವವಾಯು ಬಡಿದಿತ್ತು. ನಿಲ್ಮಿಣಿ ಯಾರಿಗೂ ಹೇಳದೆ ಬಂದು ನನ್ನ ಮೇಲೆ ಕೂತು ತುರಿಯತೊಡಗಿದಳು. ಬಿಳಿ ಮುಗಿದರೂ ನಿಲ್ಲಿಸಲಿಲ್ಲ, ತುರಿಯಲ್ಲಿ ಚಿಪ್ಪಿನ ಕಪ್ಪು ಬೀಳತೊಡಗಿತು. ಅದನ್ನು ಕಂಡು ಮುತ್ತಕ್ಕ ಕೈ ಹಿಡಿದಳು. ಆಗ ನಿಲ್ಮಿಣಿ ತಾಯಿಯ ಸುದ್ದಿ ಬಾಯಿ ಬಿಟ್ಟಳು.

"ಇನ್ನ್ ಸ್ವಲ್ಪವೇ ದಿನ ಇತ್ತ್ ಅತ್ತೆ. ಅಷ್ಟ್ ಕಳ್ದ್ ಮೇಲೆ ಹೋತೆ. ಈಗ ಹೋರೆ ಎಲ್ಲ ಮತ್ತೆ ಮೊದಲಿಂದ."

ಮುತ್ತಕ್ಕ ಸೊಸೆಯನ್ನು ಎಬ್ಬಿಸಿದಳು. ಎಬ್ಬಿಸಿ ತಾನೇ ನನ್ನ ಮೇಲೆ ಕೂತಳು. ಕೈಯಲ್ಲಿ ಕಾಯಿ ಇರಲಿಲ್ಲ. ನಾನು ಹೆದರಿ ಹೋದೆ, ಕಟ್ಟಳೆ ಹಾಕಿದವಳೇ ಮುರಿದಿದ್ದಳು.

"ಅವತ್ತ್ ಕಳ್ಸಿದ್ ನಾನೇ, ಇವತ್ತೂ ಕಳ್ಸುದ್ ನಾನೇ," ಅಂದಳು. "ವರ್ಷ ಇನ್ನೊಂದ್ ಬತ್ತ್. ಅಬ್ಬಿ ಇನ್ನೊಬ್ಳ್ ಸಿಕ್ತಿಲ್ಲೆ. ಹೊರಡ್."

ನಿಲ್ಮಿಣಿ ಹೋದಳು. ತಾಯಿಗೆ ಮಾತು ನಿಂತಿತ್ತು, ಕೈ ಮುಟ್ಟಿ ಗುರುತು ಹಿಡಿದಳಂತೆ. ಮಣ್ಣು ಮಾಡಿ ಬಂದ ಮೇಲೆ ಮತ್ತೆ ಮೊದಲಿಂದ ಲೆಕ್ಕ. ಈ ಸಲ ಹೋಗಲು ಅಲ್ಲಿ ಯಾರೂ ಉಳಿದಿರಲಿಲ್ಲ, ಆದ್ದರಿಂದ ವರ್ಷ ಸಲೀಸಾಗಿ ತುಂಬಿತು. ಇದಕ್ಕೆ ಸಂತೋಷಪಡಬೇಕೋ ದುಃಖಪಡಬೇಕೋ ನನಗೆ ಗೊತ್ತಾಗಲಿಲ್ಲ.

ಅರ್ಜಿ ಕೊಟ್ಟ ಮೇಲೆ ಪೊಲೀಸರೊಬ್ಬರು ವಿಚಾರಣೆಗೆ ಮನೆಗೇ ಬಂದರು. "ಇವರು ಇಲ್ಲೇ ಇದ್ದರು ಅನ್ನುವುದಕ್ಕೆ ಏನಾದರೂ ಉಂಟಾ ಅಮ್ಮಾ?" ಎಂದು ಕೇಳಿದರು. ದಿವಾಕರ ಕಾಗದದ ಕಟ್ಟು ತರಲು ಒಳಗೆ ಹೋದ. ಮುತ್ತಕ್ಕ ನನ್ನನ್ನು ಎತ್ತಿ ತಂದು ಅವರ ಮುಂದಿಟ್ಟಳು.

"ಇವ್ಳ್ ಬಪ್ಪತಿಗೆ ಈ ಮಣಿ ಸಪಾಟಿತ್ತ್. ಈಗ ಕಾಣಿ, ಕೂತ್ ಕೂತ್ ಎಷ್ಟ್ ಗುಳಿ ಬಿದ್ದಿತ್."

ಅವರು, ಸೋಮಾವತಿಯ ಪಾಲೂ ಇದ್ದ ನನ್ನ ಗುಳಿಯನ್ನು ಅಂಗೈಯಿಂದ ಸವರಿ ನೋಡಿದರು. ಬರೆದುಕೊಂಡದ್ದು ಮಾತ್ರ ದಿವಾಕರನ ಕಾಗದ ನೋಡಿ.

ಈಗ ನನ್ನ ಹಲ್ಲು ಮೊಂಡಾಗಿದೆ. ಹೋಟೆಲಿಗೆ ಕಾಯಿ ತುರಿಯುವ ಯಂತ್ರ ಬಂದಿದೆ. ನಾನು ಬಾಗಿಲ ಹಿಂದಿನ ಮೂಲೆಯಲ್ಲಿದ್ದೇನೆ. ಕಳೆದ ಸೋಮವಾರ ನಿಲ್ಮಿಣಿಗೆ ಪೌರತ್ವದ ಪತ್ರ ಬಂತು. ದಿವಾಕರ ಸಿಹಿ ತರಲು ಪೇಟೆಗೆ ಓಡಿದ. ಅವಳು ಮೂಲೆಯಿಂದ ನನ್ನನ್ನು ಎಳೆದು ಕೂತಳು. ಕೈಯಲ್ಲಿ ಕಾಯಿ ಇರಲಿಲ್ಲ, ತಾಯಿಯ ದೇಶದ ಹಳೆಯ ಪಾಸ್‌ಪೋರ್ಟು ಇತ್ತು. ಇನ್ನು ಅದನ್ನು ಹಿಂದಿರುಗಿಸಬೇಕು. ಅದರಲ್ಲಿ ಗಾಲೆಗೆ ಹೋಗಿ ಬಂದ ಮುದ್ರೆಗಳಿದ್ದವು. ಇನ್ನು ಮುಂದೆ ತಾಯಿಯ ಗೋರಿಗೆ ಹೂ ಇಡಲು ಹೋಗಬೇಕಾದರೂ ಅವಳು ಅಲ್ಲಿಯ ವೀಸಾ ಕೇಳಬೇಕಂತೆ.

ಮುತ್ತಕ್ಕ ಬಂದು ನೋಡಿದಳು. ಬೈಯಲಿಲ್ಲ. ಒಂದು ಕಾಯಿ ಒಡೆದು, ಹೋಳನ್ನು ಸೊಸೆಯ ಕೈಗಿಟ್ಟಳು.

"ತುರಿ ಹೆಣೆ. ಸುಮ್ನೆ ಕೂಕಾಗ."

ನಿಲ್ಮಿಣಿ ಪಾಸ್‌ಪೋರ್ಟನ್ನು ಮಡಿಲಲ್ಲಿಟ್ಟುಕೊಂಡು ತುರಿದಳು. ನನ್ನ ಮೊಂಡು ಹಲ್ಲಿಗೂ ಅವತ್ತು ಬಿಳಿಯ ತುರಿಯೇ ಬಿತ್ತು.