ತೀರ್ಥಮ್ಮನ ಪುಡಿ

ಸಂಜೆಯೊಳಗೆ ಜ್ವರ ಇಳಿಯದಿದ್ದರೆ ಬೆನಕಪ್ಪನ ಪಾದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರ್ ಶರ್ವಾಣಿ ತೀರ್ಥಮ್ಮನಿಗೆ ಹೇಳಿದರು. ಅಜ್ಜಂಪುರದ ಹೊಲದಲ್ಲಿ ಗುದ್ದಲಿ ತಗುಲಿ ಆದ ಗಾಯ. ತರೀಕೆರೆಯ ಈ ನರ್ಸಿಂಗ್ ಹೋಮಿಗೆ ಸೇರಿಸಿದ ಮೇಲೂ ಗಂಡನ ಕಾಲು ಊದುತ್ತಲೇ ಇತ್ತು.

"ಈ ಇಂಜೆಕ್ಷನ್‌ಗೆ ಕ್ರಿಮಿ ಸಾಯುತ್ತೆ ಅಂತ ಲ್ಯಾಬಿನವರು ಹೇಳಿದ್ದಾರೆ. ಅಲ್ಲಿ ಸಾಯೋದು ಕಾಲಲ್ಲಿ ಯಾಕೆ ಸಾಯ್ತಿಲ್ಲ? ಬೇರೆ ಔಷಧಿ ಏನಾದ್ರೂ ಕೊಟ್ರಾ?"

"ಇಲ್ಲ ಡಾಕ್ಟ್ರಮ್ಮ" ಎಂದುಬಿಟ್ಟಳು. ಕೊಟ್ಟಿರಲಿಲ್ಲ, ನಿಜ. ಉದುರಿಸಿದ್ದಳು. ಮನೆಯಲ್ಲಿ ಯಾರಿಗೆ ಗಾಯವಾದರೂ ಮಿಕ್ಕಿದ ಮಾತ್ರೆ ಅರೆದು ಉದುರಿಸುವುದು ಅವಳ ಪದ್ಧತಿ. ಕೈಗುಣ ಚೆನ್ನಾಗಿದೆ ಎಂಬ ಹೆಸರು ಬೇರೆ. ಮೊಮ್ಮಗಳ ಗಂಟಲುನೋವಿಗೆ ತಂದ ಮಾತ್ರೆಯ ಪುಡಿ ಈಗಲೂ ಸೆರಗಿನ ಗಂಟಿನಲ್ಲಿತ್ತು. ನರ್ಸ್ ಆಚೆ ಹೋದಾಗಲೆಲ್ಲ ಬ್ಯಾಂಡೇಜ್ ಸರಿಸಿ ಘನಂದಾರಿ ಕೆಲಸ ಮಾಡಿದ್ದಳು.

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕಾಲು. ಸಂಜೆ ಸ್ಟ್ರೆಚರ್ ಬಂದೇ ಬಂತು. ಜ್ವರದ ಮಂಪರಿನಲ್ಲಿ ಬೆನಕಪ್ಪ ಹೆಂಡತಿಯ ಕೈಗಾಗಿ ತಡಕಾಡಿದ. ಅವಳು ಸೆರಗಿನ ಗಂಟು ಬಿಚ್ಚಿ ಡಾಕ್ಟರ ಮುಂದೆ ಹಿಡಿದಳು.

"ಇದನ್ನ ಹಾಕ್ತಿದ್ದೆ ಕಣ್ರಮ್ಮ. ಬೈದ್ರೂ ಬೈಯಿರಿ, ಕಾಲೊಂದು ಉಳಿಸ್ಕೊಡಿ."

ಶರ್ವಾಣಿ ಬೈಯಲಿಲ್ಲ. ಮಾತ್ರೆಯ ಹೆಸರು ಕೇಳಿ, ಗಾಯ ತೊಳೆಸಿ, ಇಂಜೆಕ್ಷನ್ ಬದಲಿಸಿ, ಬೆಳಗಿನವರೆಗೆ ಕಾಯುವ ಧೈರ್ಯ ಮಾಡಿದರು. ಹಳೆಯ ಇಂಜೆಕ್ಷನ್ನಿನ ಔಷಧಿಯನ್ನೂ ಆ ಮಾತ್ರೆಯ ಔಷಧಿಯನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಲು ಲ್ಯಾಬಿಗೆ ಹೇಳಿದರು.

ಬೆಳಿಗ್ಗೆ ಜ್ವರ ಬಿಟ್ಟಿತ್ತು. ಡಾಕ್ಟರು ಕ್ರಿಮಿ ಬೆಳೆಸಿದ್ದ ತಟ್ಟೆಯನ್ನು ತೀರ್ಥಮ್ಮನಿಗೆ ತೋರಿಸಿದರು. ಹಳೆಯ ಔಷಧಿಯ ಸುತ್ತ ಕ್ರಿಮಿ ಸತ್ತ ಜಾಗ ಗುಂಡಗಿತ್ತು. ಅವಳ ಮಾತ್ರೆಯ ಔಷಧಿಗೆ ಎದುರಾದ ಕಡೆ ಮಾತ್ರ ಆ ಗುಂಡು ಚಪ್ಪಟೆಯಾಗಿತ್ತು, ಅಲ್ಲಿ ಕ್ರಿಮಿ ಬದುಕಿತ್ತು.

"ತಪ್ಪಿಸ್ಕೊಳ್ಳೋ ಉಪಾಯ ಈ ಕ್ರಿಮಿಯ ಜೀನಲ್ಲೇ ಇದೆ. ಸುಮ್ಮನೆ ಮಲಗಿರುತ್ತೆ. ನಿಮ್ಮ ಮಾತ್ರೆ ಸೋಕಿದ್ರೆ ಎದ್ದುಬಿಡುತ್ತೆ. ಆಮೇಲೆ ನನ್ನ ಇಂಜೆಕ್ಷನ್ನೂ ನಾಟಲ್ಲ."

ಎಬ್ಬಿಸಿದವಳು ತಾನೇ. ನಾಚಿಕೆಯಿಂದ ಕುಗ್ಗಿಹೋಗಿ ವಾರ್ಡಿಗೆ ಬಂದರೆ, ಬೆನಕಪ್ಪ ಎದ್ದು ಕೂತು ಪಕ್ಕದ ಹಾಸಿಗೆಯ ತಮ್ಮಯ್ಯನ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

"ನಮ್ಮೋಳ ಪುಡಿ ಇಲ್ದಿದ್ರೆ ನನ್ ಕಾಲು ಹೋಗ್ಬಿಡ್ತಿತ್ತು ಕಣಯ್ಯ. ಲೇ, ಇವನಿಗೂ ಒಂಚೂರು ಉದುರ್ಸೇ."

ತಮ್ಮಯ್ಯ ಆಗಲೇ ಪಂಚೆ ಸರಿಸಿ, ಮೊಣಕಾಲಿನ ಗಾಯದ ಬ್ಯಾಂಡೇಜ್ ಬಿಚ್ಚತೊಡಗಿದ್ದ. ಪುಡಿ ಖಾಲಿ ಎಂದಿದ್ದರೂ ಸಾಕಿತ್ತು, ಹೆಸರು ಉಳಿಯುತ್ತಿತ್ತು.

"ಕಟ್ಕಳಪ್ಪಾ ತಮ್ಮಯ್ಯ" ಎಂದಳು ತೀರ್ಥಮ್ಮ. ಗಂಡನ ಮುಖ ನೋಡಲಾಗಲಿಲ್ಲ. "ಇವರ ಕಾಲು ತೆಗ್ಸೋಕೆ ಹೊರಟಿದ್ದೇ ಆ ಪುಡಿ. ಹಾಕಿದ್ದು ನಾನೇ."